ಬಿಸಿಲಿಗೊಂದು, ಮಳೆಗೊಂದು, ಬೀಳಲು ನಾನೊಬ್ಬ

“ಸೀಟಿಲ್ವಾ?” ಅಂದರು ಅಪ್ಪ, ಮೈಸೂರಿನಿಂದ, ವಿಡಿಯೋ ಕಾಲಿನಲ್ಲಿ.

“ಇಲ್ಲಪ್ಪಾ, ಈ ಥರದ ಬೈಕಿಗೆ ಸೀಟೇ ಇರಲ್ಲ.”

“ಎಷ್ಟು ಕೊಟ್ಟೆ?”

ಪೌಂಡಿನಲ್ಲಿ ಹೇಳಿದೆ. ಅವರು ರೂಪಾಯಿಗೆ ತಿರುಗಿಸಿಕೊಂಡರು. ಆಮೇಲೆ ಸುಮಾರು ಹೊತ್ತು ಫೋನಿನಲ್ಲಿ ಅವರ ಹಣೆ ಮಾತ್ರ ಕಾಣುತ್ತಿತ್ತು. ಕಡೆಗೆ, “ಇನ್ನೊಂಚೂರು ಚೌಕಾಸಿ ಮಾಡಿದ್ರೆ ಸೀಟೂ ಹಾಕಿ ಕೊಡ್ತಿದ್ರೇನೋ” ಅಂದರು.

ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ವಯಸ್ಸು 42, ತೂಕ 84 ಕೆ.ಜಿ., ಎರಡೂ ಏರುಮುಖ. ಸ್ವಲ್ಪ ಹೊರಗೆ ಓಡಾಡಿ ಅಂತ ಡಾಕ್ಟರು ಹೇಳಿದರು. ಯಜ್ಡಿ ಬೈಕು ಇದ್ದ ಮನೆಯಲ್ಲಿ ಹುಟ್ಟಿದವನಿಗೆ ಓಡಾಡುವುದು ಅಂದರೆ ಬೈಕಿನ ಮೇಲೆ ಅಂತಲೇ ಅರ್ಥ. ಅದೂ ನಾನು ಬಂದು ಬಿದ್ದದ್ದು ಯಾರ್ಕ್‌ಶೈರ್ ಸೀಮೆಗೆ. ದಕ್ಷಿಣ ಕನ್ನಡಕ್ಕೆ ಕಂಬಳ ಹೇಗೋ ಈ ಸೀಮೆಗೆ ಟ್ರಯಲ್ಸ್ ಎಂಬ ಬೈಕಿನ ಆಟ ಹಾಗೆ. ಇಲ್ಲೇ ಶಿಪ್ಲಿಯಲ್ಲಿ ಟೂ ಸ್ಟ್ರೋಕ್ ಬೈಕು ತಯಾರಿಸುತ್ತಿದ್ದ ಆಲ್ಫ್ರೆಡ್ ಸ್ಕಾಟ್ ಎಂಬಾತ 1914ರಲ್ಲಿ ತನ್ನ ಕಾರ್ಖಾನೆಯ ಕೆಲಸಗಾರರಿಗೆಂದು ಶುರುಮಾಡಿದ ಸ್ಕಾಟ್ ಟ್ರಯಲ್ ಎಂಬ ಪಂದ್ಯ ಈಗಲೂ ನಡೆಯುತ್ತಿದೆ. 1975ರಲ್ಲಿ ಟ್ರಯಲ್ಸಿನ ಮೊದಲ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಮಾರ್ಟಿನ್ ಲ್ಯಾಂಪ್‌ಕಿನ್ ನಮ್ಮ ಮನೆಯಿಂದ ಗಂಟೆಯೊಳಗಿನ ದಾರಿಯ ಸಿಲ್ಸ್‌ಡನ್ನಿನವರು. ಅವರ ಮಗ ಡೂಗಿ 2016ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಇಡೀ ಟಿಟಿ ರೇಸಿನ ರಸ್ತೆಯನ್ನು, ಅಂದರೆ 60 ಕಿಲೋಮೀಟರಿಗೂ ಹೆಚ್ಚು ದೂರವನ್ನು, ಮುಂದಿನ ಚಕ್ರ ಎತ್ತಿಕೊಂಡೇ ಸುತ್ತಿಬಂದ. ನಾನೂ ಮುಂದಿನ ಚಕ್ರ ಎತ್ತಿದ್ದೇನೆ. ಸುಮಾರು ನಾಲ್ಕಡಿ ದೂರ. ಬೇಕಂತ ಎತ್ತಿದ್ದಲ್ಲ.

ಟ್ರಯಲ್ಸ್ ಅಂದರೆ ರೇಸಲ್ಲ. ಅಲ್ಲಿ ವೇಗಕ್ಕೆ ಕಿಮ್ಮತ್ತಿಲ್ಲ. ಬಂಡೆ, ಹಳ್ಳ, ಮರದ ಬೇರು, ಕೆಸರು ಇರುವ ಒಂದಿಷ್ಟು ಜಾಗಕ್ಕೆ ಪಟ್ಟಿ ಕಟ್ಟಿ ಗಡಿ ಹಾಕಿರುತ್ತಾರೆ. ಅದು ಒಂದು ಸೆಕ್ಷನ್. ಕಾಲು ನೆಲಕ್ಕೆ ಊರದೆ ದಾಟಬೇಕು. ಒಮ್ಮೆ ಊರಿದರೆ 1, ಎರಡು ಸಲ ಊರಿದರೆ 2, ಆಮೇಲೆ ಎಷ್ಟು ಸಲ ಊರಿದರೂ 3. ಬಿದ್ದರೆ, ಗಡಿ ದಾಟಿದರೆ 5. ನಾನು ಹೋಗುವ ಕ್ಲಬ್ಬಿನಲ್ಲಿ ನಿಂತರೂ 5. ಕಮ್ಮಿ ಅಂಕ ಬಂದವನೇ ಗೆದ್ದವನು. ಹತ್ತು ಸೆಕ್ಷನ್, ನಾಲ್ಕು ಸುತ್ತು, ಒಟ್ಟು 40 ಸಲ. ಅಂದರೆ ಏನೂ ಬಾರದವನಿಗೆ 200. ಎಸ್ಸೆಸ್ಸೆಲ್ಸಿಯಿಂದ ಇಲ್ಲಿಯತನಕ ಅಂಕ ಜಾಸ್ತಿ ತೆಗೆಯುವುದೊಂದನ್ನೇ ಕಲಿತು ಬಂದವನು ನಾನು. ಆ ಚಾಳಿ ಇಲ್ಲೂ ಬಿಡಲಿಲ್ಲ. ಮೊದಲ ಭಾನುವಾರವೇ 171 ತೆಗೆದೆ.

ಬೈಕೂ ಹಾಗೇ ವಿಚಿತ್ರ. 300 ಸಿಸಿ, ಆದರೆ ತೂಕ 70 ಕೆ.ಜಿ.ಯ ಆಸುಪಾಸು, ನನಗಿಂತ ತೆಳು. ಪೆಟ್ರೋಲು ಹಿಡಿಯುವುದು ಎರಡು ಮೂರು ಲೀಟರು. ಹಿಂದಿನ ಟೈರಿಗೆ ಗಾಳಿ 4 ಪಿಎಸ್‌ಐ ಅಷ್ಟೇ; ನಮ್ಮೂರ ಪಂಕ್ಚರ್ ಅಂಗಡಿಯವನು ನೋಡಿದರೆ ಕೇಳದೆಯೇ ಚಕ್ರ ಬಿಚ್ಚಿ ನೀರಿಗೆ ಅದ್ದಿರುತ್ತಾನೆ. ಬಿದ್ದಾಗ ಇಂಜಿನ್ ತಾನಾಗಿ ನಿಲ್ಲಲಿ ಅಂತ ಮಣಿಕಟ್ಟಿಗೊಂದು ದಾರ, ಅದರ ತುದಿಗೆ ಅಯಸ್ಕಾಂತ. ಮದುವೆಯ ಕಂಕಣದ ಹಾಗೆ ಅದನ್ನು ಕಟ್ಟಿಕೊಂಡು ಬೈಕಿನ ಬಳಿ ನಿಂತಾಗಲೆಲ್ಲ ಅದೇ ಭಾವ: ಇನ್ನು ತಪ್ಪಿಸಿಕೊಳ್ಳುವಂತಿಲ್ಲ.

ಆ ಮೊದಲ ಭಾನುವಾರ ಸಂಜೆ ಬೈಕನ್ನು ತೊಳೆದದ್ದನ್ನು ಇಲ್ಲಿ ಹೇಳಲೇಬೇಕು. ನಾನು ಎಷ್ಟು ಜಾಗರೂಕ ಮನುಷ್ಯ ಅನ್ನುವುದು ಗೊತ್ತಾಗಲಿ ಅಂತ. ಪ್ರೆಷರ್ ವಾಷರ್ ಹಿಡಿದು ಕೆಸರೆಲ್ಲ ತೆಗೆದೆ. ನೀರು ಹೊಕ್ಕಿರಬಹುದು ಅಂತ ವೈರಿನ ಸಾಕೆಟ್ಟುಗಳನ್ನು ಒಂದೊಂದೇ ಬಿಚ್ಚಿ, ಮನೆಯವಳ ಹೇರ್ ಡ್ರೈಯರ್ ತಂದು ಒಣಗಿಸಿದೆ. ತಿರುಗಿ ಜೋಡಿಸಿ, ನೇತಾಡುತ್ತಿದ್ದುದನ್ನೆಲ್ಲ ಪ್ಲಾಸ್ಟಿಕ್ ಕವಚದೊಳಕ್ಕೆ ಸೇರಿಸಿ, ಕೆಂಪೊಂದು ಹಳದಿಯೊಂದು ಕೇಬಲ್ ಟೈ ಬಿಗಿದೆ. ಕನ್ನಡ ಬಾವುಟ! ಈ ಊರಲ್ಲಿ ಇನ್ಯಾವ ಬೈಕಿಗಿದೆ ಆ ಭಾಗ್ಯ? ಡ್ರೈಯರಿಗೆ ಹತ್ತಿದ್ದ ಕೆಸರನ್ನು ನೋಡಿ ಇವಳು ಏನಂದಳು ಅನ್ನುವುದು ಈ ಲೇಖನಕ್ಕೆ ಸಂಬಂಧಿಸಿದ್ದಲ್ಲ.

ಇನ್ನು ಕಥೆಯ ಖಳನಾಯಕ: ಹ್ಯಾಂಡಲ್ಲಿನ ಹತ್ತಿರ ಇರುವ ಒಂದು ಪುಟ್ಟ ಸ್ವಿಚ್ಚು. ಒಂದು ಕಡೆಗೆ ಸೂರ್ಯನ ಚಿತ್ರ, ಇನ್ನೊಂದು ಕಡೆಗೆ ಮಳೆ ಸುರಿಸುವ ಮೋಡ. ಇಗ್ನಿಷನ್ ಮ್ಯಾಪ್ ಬದಲಾಯಿಸುವ ಸ್ವಿಚ್ಚು ಅಂತ ಪುಸ್ತಿಕೆಯಲ್ಲಿತ್ತು.

“ಮ್ಯಾಪಾ? ನೂರಡಿ ಜಾಗ ದಾಟೋಕೆ ಮ್ಯಾಪ್ ಬೇಕಾ ರೀ? ಅದೂ ಎರಡೂ ಕಡೆ ಪಟ್ಟಿ ಕಟ್ಟಿರ್ತಾರೆ ಅಂತೀರ” ಅಂದಳು ಇವಳು.

ನಾನು ನಕ್ಕೆ. ತಿಳಿದವರು ತಿಳಿಯದವರನ್ನು ನೋಡಿ ನಗುವ ನಗೆ. ನನಗೆ ಎಷ್ಟು ತಿಳಿದಿತ್ತು ಅಂದರೆ, ಬಿಸಿಲಿದ್ದರೆ ಸೂರ್ಯ, ಮಳೆ ಬಂದರೆ ಮೋಡ. ಇಷ್ಟೇ. ಇದೇ ಸ್ವಿಚ್ಚು ಬಯಲುಸೀಮೆಯಲ್ಲಾಗಿದ್ದರೆ ವರ್ಷಕ್ಕೆರಡು ಸಲ ಒತ್ತಿದರೆ ಸಾಕಿತ್ತು. ಯಾರ್ಕ್‌ಶೈರಿನ ಆಕಾಶ ಹಾಗಲ್ಲ. ಅದಕ್ಕೆ ಕಾಲು ಗಂಟೆ ಒಂದೇ ಮಾತಿನ ಮೇಲೆ ನಿಂತು ಗೊತ್ತಿಲ್ಲ. ಸೆಕ್ಷನ್ನಿನ ಬಾಯಲ್ಲಿ ನಿಂತು ನಾನು ತಲೆಯೆತ್ತಿ ಮೋಡ ನೋಡುವುದು, ಸ್ವಿಚ್ಚು ಒತ್ತುವುದು, ಮತ್ತೆ ನೋಡುವುದು, ಮತ್ತೆ ಒತ್ತುವುದು. ಹಿಂದೆ ಹನ್ನೆರಡು ಜನ ಸಾಲಿನಲ್ಲಿ ಕಾಯುತ್ತಿದ್ದರು. ಹೊರಗಿನವನು, ಏನೋ ಪ್ರಾರ್ಥನೆ ಮಾಡುತ್ತಾನೆ ಪಾಪ, ಅಂತ ಅವರೆಲ್ಲ ಗೌರವದಿಂದ ಸುಮ್ಮನಿದ್ದರು ಅಂತ ಆಮೇಲೆ ಗೊತ್ತಾಯಿತು.

ಅಂಕ ಬರೆಯಲು ನಿಂತಿದ್ದವರು ಒಬ್ಬ ಅಜ್ಜ. ಎಪ್ಪತ್ತು ದಾಟಿದ್ದರೂ ಮಾಂಸಖಂಡಗಳೆಲ್ಲ ಒಣಗಿಸಿದ ಶುಂಠಿಯ ಹಾಗೆ ಗಟ್ಟಿ. ಕೈಯಲ್ಲಿ ಸದಾ ಟೀ ಫ್ಲಾಸ್ಕು. ಅಂಕ ಬರೆಯುವ ಪಾಳಿ ಇಲ್ಲದ ವಾರ ತಮ್ಮ ಹಳೆಯ ಬುಲ್ಟಾಕೋ ಶೆರ್ಪಾದಲ್ಲಿ ಸ್ಪರ್ಧಿಸುತ್ತಾರೆ. ಬೆಲ್‌ಫಾಸ್ಟಿನ ಸ್ಯಾಮಿ ಮಿಲ್ಲರ್ 1964ರಲ್ಲಿ ಸ್ಪೇನಿಗೆ ಹೋಗಿ ಬುಲ್ಟಾಕೋದವರಿಗಾಗಿ ತಿದ್ದಿ ತೀಡಿದ ಟೂ ಸ್ಟ್ರೋಕ್ ಬೈಕಿನ ವಂಶದ್ದು ಅದು. ಮರುವರ್ಷವೇ ಮಿಲ್ಲರ್ ಅದರ ಮೇಲೆ ಸ್ಕಾಟಿಷ್ ಸಿಕ್ಸ್ ಡೇಸ್ ಎಂಬ ಟ್ರಯಲ್ಸ್ ಪಂದ್ಯ ಗೆದ್ದ. ಅಲ್ಲಿಯತನಕ ಮೆರೆಯುತ್ತಿದ್ದ ಭಾರೀ ಬ್ರಿಟಿಷ್ ಫೋರ್ ಸ್ಟ್ರೋಕುಗಳೆಲ್ಲ ಒಂದೊಂದಾಗಿ ಷೆಡ್ಡು ಸೇರಿದವು. ಅಜ್ಜನ ಬೈಕಿನಲ್ಲಿ ಸೂರ್ಯನೂ ಇಲ್ಲ, ಮೋಡವೂ ಇಲ್ಲ. ಹಳೇ ಕಾಲದ ಪಾಯಿಂಟ್ ಇಗ್ನಿಷನ್. ಅವರು ಇಡೀ ದಿನಕ್ಕೆ ಕಳೆದುಕೊಳ್ಳುವುದು ಆರೋ ಏಳೋ ಅಂಕ. ಅಷ್ಟನ್ನು ನಾನು ಮೊದಲ ಎರಡು ಸೆಕ್ಷನ್ನಿನಲ್ಲೇ ಮುಗಿಸಿರುತ್ತೇನೆ.

“ಲ್ಯಾಡ್” ಅಂದರು ಅಜ್ಜ ಒಂದು ದಿನ. ಅರವತ್ತರೊಳಗಿನ ಗಂಡಸರೆಲ್ಲ ಇಲ್ಲಿನವರಿಗೆ ಲ್ಯಾಡ್. ನಮ್ಮ ‘ಮರಿ’ ಅಂತ ಇಟ್ಟುಕೊಳ್ಳಿ. “ಮರಿ, ಅದು ಮೇಲಿನ ಮಳೆಗಲ್ಲ, ಕೆಳಗಿನ ಮಳೆಗೆ. ಆಕಾಶ ಬಿಡು, ಟೈರಿನಡಿ ಏನಿದೆ ನೋಡು.”

ಅಷ್ಟು ಹೇಳಿದ್ದೇ ತಪ್ಪಾಯಿತು. ಸಾಫ್ಟ್‌ವೇರಿನವನಿಗೆ ಅರ್ಧ ಸುಳಿವು ಕೊಡಬಾರದು. ಅವತ್ತು ರಾತ್ರಿಯಿಂದ ನಾನು ಇಗ್ನಿಷನ್ ಮ್ಯಾಪಿನ ವಿದ್ಯಾರ್ಥಿಯಾದೆ. ಹದಿನೈದು ದಿನಕ್ಕೆ ಉಪನ್ಯಾಸಕನಾದೆ.

ಸಿಕ್ಕವರಿಗೆಲ್ಲ ಒಪ್ಪಿಸುತ್ತಿದ್ದ ಪಾಠ ಇದು. ಹಾಲು ಒಲೆಯ ಮೇಲಿಟ್ಟು ನೀವು ಪಡಸಾಲೆಯಲ್ಲಿ ಕೂತಿದ್ದೀರಿ. ಕುರ್ಚಿಯಿಂದೆದ್ದು ಅಡುಗೆಮನೆ ಮುಟ್ಟಲು ನಿಮಗೆ ಹತ್ತು ಸೆಕೆಂಡು ಬೇಕು. ಉರಿ ಸಣ್ಣದಿದ್ದರೆ ಹಾಲು ಅಂಚಿಗೆ ಬರುತ್ತಿರುವಾಗ ಎದ್ದರೂ ನಡೆಯುತ್ತದೆ. ಉರಿ ದೊಡ್ಡದಾದರೆ ಇನ್ನೂ ಅರ್ಧ ಪಾತ್ರೆಯಲ್ಲಿರುವಾಗಲೇ ಏಳಬೇಕು. ಇಂಜಿನ್ನಿನ ಕಥೆಯೂ ಅದೇ. ಪ್ಲಗ್ಗು ಕಿಡಿ ಹಾರಿಸಿದ ಮೇಲೆ ಪೆಟ್ರೋಲು ಹೊತ್ತಿ ಒತ್ತಡ ಏರಲು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಪಾಲು ಹೊತ್ತು ಹಿಡಿಯುತ್ತದೆ. ಇಂಜಿನ್ ನಿಮಿಷಕ್ಕೆ 1,200 ಸುತ್ತು ತಿರುಗುವಾಗ ಒಂದು ಸುತ್ತಿಗೆ ಸೆಕೆಂಡಿನ ಸಾವಿರದಲ್ಲಿ ಐವತ್ತು ಪಾಲು ಸಮಯವಿದೆ. 6,000ಕ್ಕೆ ಹೋದರೆ ಬರೀ ಹತ್ತು ಪಾಲು. ಹಾಗಾಗಿ ಪಿಸ್ಟನ್ನು ಮೇಲೆ ಮುಟ್ಟುವ ಮುಂಚೆಯೇ ಕಿಡಿ ಹಾರಿಸಬೇಕು, ಸುತ್ತು ಏರಿದ ಹಾಗೆ ಇನ್ನೂ ಮುಂಚೆ. ಯಾವ ಸುತ್ತಿಗೆ ಎಷ್ಟು ಡಿಗ್ರಿ ಮುಂಚೆ ಅನ್ನುವ ಪಟ್ಟಿಯನ್ನು ಒಂದು ಪುಟ್ಟ ಕರಿ ಡಬ್ಬಿಯಲ್ಲಿ ಬರೆದಿಟ್ಟಿರುತ್ತಾರೆ. ಆ ಪಟ್ಟಿಯೇ ಮ್ಯಾಪು. ಟೂ ಸ್ಟ್ರೋಕಿನಲ್ಲಿ ತೀರಾ ಮೇಲಿನ ಸುತ್ತುಗಳಿಗೆ ಕಿಡಿಯನ್ನು ಮತ್ತೆ ತಡ ಮಾಡುವುದೂ ಉಂಟು, ಸೈಲೆನ್ಸರಿನ ಕೊಳವೆ ಬಿಸಿಯೇರಿ ಇಂಜಿನ್ ಇನ್ನಷ್ಟು ಎಳೆಯಲಿ ಅಂತ. ಆ ಸುತ್ತುಗಳನ್ನು ನಾನು ಮುಟ್ಟುವುದು ಬೀಳುವಾಗ ಮಾತ್ರ.

ನನ್ನ ಬೈಕಿನ ಡಬ್ಬಿಯಲ್ಲಿ ಇಂಥ ಪಟ್ಟಿ ಎರಡಿವೆ. ಮೋಡದ ಪಟ್ಟಿಯಲ್ಲಿ ಕಿಡಿ ಸ್ವಲ್ಪ ತಡ. ಪಿಸ್ಟನ್ನಿನ ಮೇಲೆ ಬೀಳುವ ಏಟು ಮೆತ್ತಗೆ. ಸೂರ್ಯನಲ್ಲಿ ಕಿಡಿ ಬೇಗ, ಪಿಕಪ್ಪು ಚುರುಕು. ಕಾರ್ಬುರೇಟರಿಗೆ ಹೋಗುವ ಪೆಟ್ರೋಲು ಒಂದು ಹನಿಯೂ ಹೆಚ್ಚುಕಮ್ಮಿ ಆಗುವುದಿಲ್ಲ. ಶಕ್ತಿ ಬರುವುದೇನೋ ಬರುತ್ತದೆ, ಬರುವ ರೀತಿ ಬೇರೆ; ಬೀಗರು ಬಾಗಿಲು ತಟ್ಟಿ, ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಬರುವುದಕ್ಕೂ, ಹೇಳದೆ ಕೇಳದೆ ಸೀದಾ ಅಡುಗೆಮನೆಗೆ ನುಗ್ಗುವುದಕ್ಕೂ ಇರುವಷ್ಟು ವ್ಯತ್ಯಾಸ. ಪಾಚಿಗಟ್ಟಿದ ಬಂಡೆಯ ಮೇಲೆ ಆ ಮೆತ್ತನೆಯ ಟೈರು ತಬ್ಬಿಕೊಂಡು ಹತ್ತುತ್ತಿರುತ್ತದೆ. ಒಮ್ಮೆಗೇ ಶಕ್ತಿ ನುಗ್ಗಿದರೆ ಹಿಡಿತ ಕಿತ್ತು ಚಕ್ರ ಅಲ್ಲೇ ಗಿರಗಿರ ಸುತ್ತುತ್ತದೆ. ಅಲ್ಲಿ ಮೋಡ ಬೇಕು. ಒಣ ಬಂಡೆಗೆ ನೆಗೆಯಬೇಕಾದಾಗ ಸೂರ್ಯ.

ಕಿಡಿಯ ಟೈಮಿಂಗು ಕೆಟ್ಟರೆ ಏನಾಗುತ್ತದೆ ಅನ್ನುವುದು ನನಗೆ ಓದಿ ತಿಳಿದದ್ದಲ್ಲ. 1961ರಲ್ಲಿ ಮೈಸೂರಿನಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆಯ ಯಜ್ಡಿ ನಮ್ಮದು. ಅದಕ್ಕಿದ್ದದ್ದು ಒಂದೇ ಮ್ಯಾಪು, ಅದೂ ಇದ್ದದ್ದು ಲಷ್ಕರ್ ಮೊಹಲ್ಲಾದ ಮೆಕ್ಯಾನಿಕ್ಕಿನ ಬೆರಳ ತುದಿಯಲ್ಲಿ. ಪಾಯಿಂಟಿನ ಮಧ್ಯೆ ಸಿಗರೇಟ್ ಪ್ಯಾಕಿನ ತೆಳು ಹಾಳೆ ಸಿಕ್ಕಿಸಿ, ಇಂಜಿನ್ನನ್ನು ನಿಧಾನ ತಿರುಗಿಸಿ, ಹಾಳೆ ಯಾವಾಗ ಸಡಿಲವಾಗಿ ಕೈಗೆ ಬಂತೋ ಅದೇ ಕಿಡಿಯ ಮುಹೂರ್ತ. ಒಂದು ಸಲ ಆ ಮುಹೂರ್ತ ತೀರಾ ಮುಂಚೆ ಬಿದ್ದಿತ್ತು. ಅಪ್ಪ ಅರೆಮನಸ್ಸಿನ ಕಿಕ್ಕು ಹೊಡೆದರು. ಕಿಡಿ ಬೇಗ ಹಾರಿ ಪಿಸ್ಟನ್ನನ್ನು ಬಂದ ದಾರಿಗೇ ತಳ್ಳಿತು. ಟೂ ಸ್ಟ್ರೋಕಿಗೆ ಯಾವ ಕಡೆ ತಿರುಗಿದರೂ ಒಂದೇ. ಇಂಜಿನ್ ಉಲ್ಟಾ ಸ್ಟಾರ್ಟಾಯಿತು. ಗೊತ್ತಿಲ್ಲದೆ ಅಪ್ಪ ಫಸ್ಟ್ ಗೇರು ಹಾಕಿದರು. ಟ್ಯಾಂಕಿನ ಮೇಲೆ ಕೂತಿದ್ದ ನಾನು, ಹಿಂದೆ ಊಟದ ಡಬ್ಬಿ, ಅಪ್ಪ, ಎಲ್ಲರೂ ರಾಜಗಾಂಭೀರ್ಯದಿಂದ ಹಿಂದಕ್ಕೆ ಹೋಗಿ ತುಳಸಿಕಟ್ಟೆಗೆ ತಗುಲಿ ನಿಂತೆವು. “ಗಾಡಿಗೂ ಮನೆ ಬಿಟ್ಟು ಹೋಗೋಕೆ ಮನಸ್ಸಿಲ್ಲ ನೋಡು” ಅಂದರು ಅಜ್ಜಿ.

ಇಷ್ಟೆಲ್ಲ ಹಿನ್ನೆಲೆ ಇರುವವನು ಸುಮ್ಮನೆ ಸ್ವಿಚ್ಚು ಒತ್ತುತ್ತಾನೆಯೇ? ಎಕ್ಸೆಲ್ ಶೀಟು ಮಾಡಿದೆ. ಸೆಕ್ಷನ್ ಸಂಖ್ಯೆ, ನೆಲದ ಸ್ಥಿತಿ, ಒದ್ದೆಯ ಪ್ರಮಾಣ, ಮ್ಯಾಪು, ಅಂಕ. ಏಳು ಭಾನುವಾರ, 280 ಸಲದ ಲೆಕ್ಕ. ಫಲಿತಾಂಶ ನೋಡಿ ನನಗೇ ರೋಮಾಂಚನ: ಸೂರ್ಯನ ಮೇಲೆ ಸರಾಸರಿ 4.1, ಮೋಡದ ಮೇಲೆ 3.6. ಅರ್ಧ ಅಂಕದ ಲಾಭ! ಮೋಡಕ್ಕೆ ಹಾಕಿದ ಕೂಡಲೇ ಬೈಕು ಹಸುವಿನಷ್ಟು ಸಾಧುವಾಗುವುದು ನನ್ನ ಅಂಗೈಗೇ ಗೊತ್ತಾಗುತ್ತಿತ್ತು. ಸೂರ್ಯನಿಗೆ ಹಾಕಿದರೆ ಇಂಜಿನ್ನಿನ ಸದ್ದೇ ಬೇರೆ. ಹೊಸಬರನ್ನು ಕರೆದು, “ಕೇಳಿಸ್ತಾ ವ್ಯತ್ಯಾಸ?” ಅನ್ನುತ್ತಿದ್ದೆ. ಸಭ್ಯ ಜನ, ಹೌದು ಅನ್ನುತ್ತಿದ್ದರು. ಅಜ್ಜ ಮಾತ್ರ ಟೀ ಕುಡಿಯುತ್ತಿದ್ದರು.

ಲೀಡ್ಸಿನ ಕನ್ನಡಿಗರು ಸೇರಿ ಯುಗಾದಿ ಮಾಡುತ್ತೇವೆ. ಈ ಸಲ ಒಬ್ಬರು ಭಾವಗೀತೆ ಹಾಡಿದರು, ಮಕ್ಕಳು ಕೋಲಾಟ ಆಡಿದರು, ಒಬ್ಬಟ್ಟಿಗೆ ಇನ್ನೂ ಸಮಯವಿತ್ತು. ಆ ಸಂದಿಯಲ್ಲಿ ನಾನು ಎದ್ದು “ಕಿಡಿಯ ಕಾಲಜ್ಞಾನ” ಅನ್ನುವ ಹೆಸರಿನಲ್ಲಿ 22 ಸ್ಲೈಡು ತೋರಿಸಿದೆ. ಒಬ್ಬಟ್ಟು ತಣ್ಣಗಾಯಿತು. ಒಬ್ಬ ಹಿರಿಯರು ನಿದ್ದೆಯಿಂದೆದ್ದು, “ಅಂತೂ ಮಳೆಗಾಲಕ್ಕೆ ಒಳ್ಳೇದು ಅನ್ನಿ” ಅಂದರು. ಅವರಿಗೆ ಆಕಾಶ ಬೇರೆ ಟೈರು ಬೇರೆ ಅಂತ ಮತ್ತೆ ಹತ್ತು ನಿಮಿಷ ತಿಳಿಸಿಕೊಟ್ಟೆ.

ಎಂಟನೆಯ ಭಾನುವಾರ. ಒಂದು ತೊರೆ, ನೀರೊಳಗೆ ಕೋಸುಗಡ್ಡೆಯಂಥ ಕಲ್ಲುಗಳು, ಕೊನೆಗೆ ಮಂಡಿಯೆತ್ತರದ ಬಂಡೆ ಹತ್ತಿ ದಡ ಸೇರಬೇಕು. ಮುಂಚಿನ ಎರಡು ಸುತ್ತು ಮೋಡದಲ್ಲಿ ಹೋಗಿ 3, 3 ತೆಗೆದಿದ್ದೆ. ಈ ಹೊತ್ತಿಗೆ ಬಂಡೆ ಒಣಗಿತ್ತು. ಎಲ್ಲರಿಗೂ ಕಾಣುವ ಹಾಗೆ ಕೈಯೆತ್ತಿ ಸೂರ್ಯನಿಗೆ ಒತ್ತಿದೆ. ತೊರೆ ದಾಟಿದೆ, ಒಂದು ಕಾಲೂ ಊರದೆ. ಬಂಡೆ ಎದುರಾಯಿತು. ಈಗ ಸೂರ್ಯನ ಪ್ರತಾಪ ನೋಡಲಿ ಎಲ್ಲ ಅಂತ ಹಿಡಿತುಂಬ ರೇಸ್ ಕೊಟ್ಟೆ. ಬೈಕು ಬಂಡೆ ಹತ್ತಿತು, ನಿಜಕ್ಕೂ ಚೆನ್ನಾಗಿ ಹತ್ತಿತು. ನಾನು ಅದರ ಜೊತೆಗಿರಲಿಲ್ಲ. ಮಣಿಕಟ್ಟಿನ ದಾರ ಟಕ್ಕೆಂದಿತು, ಇಂಜಿನ್ ನಿಂತಿತು, ತೊರೆಯ ಜುಳುಜುಳು ಇದ್ದಕ್ಕಿದ್ದ ಹಾಗೆ ಬಹಳ ಸ್ಪಷ್ಟವಾಗಿ ಕೇಳಿಸಿತು. ನಾನು ಸೊಂಟದ ತನಕ ಅದರಲ್ಲೇ ಕೂತಿದ್ದೆ.

ಅಜ್ಜ ಫ್ಲಾಸ್ಕು ಕೆಳಗಿಟ್ಟು ಬೈಕು ಎತ್ತಲು ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಬಿದ್ದ ರಭಸಕ್ಕೆ ಪ್ಲಾಸ್ಟಿಕ್ ಕವಚ ಸರಿದು ಒಳಗಿಂದ ಒಂದು ವೈರು ಈಚೆ ಬಂದಿತ್ತು. ಅದರ ತುದಿಯಲ್ಲಿ ಬಿಳೀ ಸಾಕೆಟ್ಟು. ಸಾಕೆಟ್ಟಿನೊಳಗೆ ಏನೂ ಇಲ್ಲ. ಅಜ್ಜ ಬೆರಳಿಟ್ಟು ವೈರಿನ ಜಾಡು ಹಿಡಿದು ಮೇಲಕ್ಕೆ ಹೋದರು, ಹೋಗಿ ಸ್ವಿಚ್ಚಿನ ಬಳಿ ನಿಂತರು. ತಿರುಗಿ ಕೆಳಕ್ಕೆ ಬಂದರು. ಇನ್ನೊಂದು ಬಿಡಿ ಸಾಕೆಟ್ಟು ಕವಚದೊಳಗೇ ಕೂತಿತ್ತು, ಧೂಳು ತುಂಬಿಕೊಂಡು. ಅದಕ್ಕೂ ಇದಕ್ಕೂ ಬಹಳ ದಿನದಿಂದ ಮಾತುಕತೆ ಇದ್ದ ಹಾಗೆ ಕಾಣಲಿಲ್ಲ.

“ಮರಿ, ನಿನಗೆ ಮಾರಿದವನು ಇದನ್ನು ಹೀಗೇ ಕೊಟ್ಟನೋ?”

ಹೌದು ಅಂದುಬಿಡಬಹುದಿತ್ತು. ಬಾಯಿ ತುದಿಗೂ ಬಂದಿತ್ತು. ಆದರೆ ವೈರನ್ನು ಕಟ್ಟಿದ್ದ ಕೇಬಲ್ ಟೈ ಎರಡೂ ಅಜ್ಜನ ಕೈಯಲ್ಲಿ ತೂಗುತ್ತಿದ್ದವು. ಒಂದು ಕೆಂಪು, ಒಂದು ಹಳದಿ. ಇಡೀ ಯಾರ್ಕ್‌ಶೈರಿನಲ್ಲಿ ಆ ಜೋಡಿ ಕಟ್ಟುವ ಮನುಷ್ಯ ಒಬ್ಬನೇ.

ಅಂದರೆ ಹೇರ್ ಡ್ರೈಯರಿನ ಆ ಸಂಜೆಯಿಂದ ಸ್ವಿಚ್ಚಿಗೂ ಇಂಜಿನ್ನಿಗೂ ಯಾವ ಸಂಬಂಧವೂ ಇರಲಿಲ್ಲ. ನನ್ನ ಬೈಕಿನಲ್ಲಿ ಆ ವೈರು ಬಿಟ್ಟುಹೋದರೆ ಡಬ್ಬಿ ಸೂರ್ಯನ ಪಟ್ಟಿಯನ್ನೇ ಹಿಡಿದುಕೊಳ್ಳುತ್ತದೆ. ಮೋಡ ಮೋಡ ಅಂತ ನಾನು ಹಸುವಿನ ಮೈ ಸವರಿದ ಹಾಗೆ ದಾಟಿದ ಪಾಚಿಬಂಡೆಗಳೆಲ್ಲ ಸೂರ್ಯನಲ್ಲೇ ದಾಟಿದವು. ಆ ಅರ್ಧ ಅಂಕದ ಲಾಭ? ಮೋಡಕ್ಕೆ ಒತ್ತಿದೆ ಅಂದುಕೊಂಡಾಗ ನನ್ನ ಕೈ ಮೆತ್ತಗಾಗುತ್ತಿತ್ತು, ಎಕ್ಸಲೇಟರ್ ನಿಧಾನ ತಿರುಗುತ್ತಿತ್ತು, ಅಷ್ಟೇ. ಒಂದೇ ಬೈಕು, ಒಂದೇ ಕಿಡಿ. ಬದಲಾಗುತ್ತಿದ್ದ ಮ್ಯಾಪು ನನ್ನ ತಲೆಯದು. ಅದಕ್ಕೆ ಎರಡು ದಶಮಾಂಶದ ತನಕ ಗ್ರಾಫು ಎಳೆದಿದ್ದೆ.

ಅಜ್ಜ ಸಾಕೆಟ್ಟುಗಳನ್ನು ಊದಿ, ಒತ್ತಿ ಕೂರಿಸಿದರು. ಟಿಕ್ ಅಂತು. “ಈಗ ನಿಜವಾಗಿ ಒತ್ತಿ ನೋಡು” ಅಂದರು. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಮುಂದಿನ ಭಾನುವಾರ ನಿಜವಾದ ಮೋಡದಲ್ಲಿ ಅದೇ ತೊರೆಗೆ ಇಳಿದೆ. ಸುಳ್ಳು ಹೇಳಬಾರದು, ವ್ಯತ್ಯಾಸ ಇದೆ, ಕಲ್ಪಿಸಿಕೊಂಡದ್ದಕ್ಕಿಂತ ಹೆಚ್ಚೇ ಇದೆ. ಎಕ್ಸಲೇಟರ್ ತಿರುಗಿಸಿದರೆ ಬೈಕು, “ಬಂದೆ ಸ್ವಾಮಿ, ಪಂಚೆ ಉಟ್ಟುಕೊಂಡು ಬಂದೆ” ಅನ್ನುತ್ತದೆ. ಕೋಸುಗಡ್ಡೆ ಕಲ್ಲುಗಳ ಮೇಲೆ ಹಿಂದಿನ ಚಕ್ರ ಒಂದು ಸಲವೂ ಜಾರಲಿಲ್ಲ; ಇಷ್ಟು ದಿನ ಯಾರ ಜೊತೆ ಗುದ್ದಾಡುತ್ತಿದ್ದೆ ಅನ್ನಿಸಿತು. ಹಾಗೇ ಬಂಡೆಯ ಬುಡಕ್ಕೆ ಬಂದೆ. ಸೂರ್ಯನ ಏಟಿಗೆ ಪಳಗಿದ್ದ ಕೈ ಹಳೆಯ ಲೆಕ್ಕದಲ್ಲೇ ರೇಸ್ ಕೊಟ್ಟಿತು. ಬೈಕು ಪಂಚೆ ಉಡುತ್ತಿತ್ತು. ಬಂಡೆಗೆ ಮುಂದಿನ ಚಕ್ರ ಮುಟ್ಟಿಸಿ, ಅಲ್ಲೇ ನಿಂತು, ಮರ್ಯಾದಸ್ಥರು ಮಲಗುವ ಹಾಗೆ ನಿಧಾನವಾಗಿ ಎಡಕ್ಕೆ ಒರಗಿದೆ. 5. ಆ ದಿನದ ಒಟ್ಟು ಅಂಕ 139. ಸ್ವಿಚ್ಚು ಸತ್ತಿದ್ದಾಗ ನನ್ನ ದಾಖಲೆ 138.

ಅಪ್ಪನಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. “ನಮ್ ಯಜ್ಡಿ ಹಿಂದಕ್ಕೆ ಹೋದ ದಿನ, ಹಿಂದಕ್ಕೆ ಹೋಗ್ತಿದೀವಿ ಅಂತ ನಮಗೆ ಗೊತ್ತಾದ್ರೂ ಆಯ್ತಲ್ಲೋ” ಅಂದರು.

ಕೊನೆಗೆ, ಯುಗಾದಿಗೆ ಬಂದು ನನ್ನ ಉಪನ್ಯಾಸ ಕೇಳಿದ ಬಂಧುಗಳಲ್ಲಿ ಒಂದು ವಿನಂತಿ. ಹಾಲು, ಉರಿ, ಕಿಡಿ, ಪಿಸ್ಟನ್ನು ಇದ್ದ ಮೊದಲ 14 ಸ್ಲೈಡು ಸತ್ಯ, ಬೇಕಾದವರು ಇಟ್ಟುಕೊಳ್ಳಿ. 15ರಿಂದ 22ರವರೆಗಿನದನ್ನು ದಯವಿಟ್ಟು ಅಳಿಸಿಬಿಡಿ. ತಣ್ಣಗಾದ ಒಬ್ಬಟ್ಟಿಗೆ ಕ್ಷಮೆ ಇರಲಿ.